ಕತ್ತಲೆ ಕೇಳುವ ಗಿಡ

ಡಿಸೆಂಬರ್ ನಡುವಿನ ಮೂಡಿಗೆರೆ ಸೀಮೆ. ಬೆಳಗ್ಗೆ ಎಂಟು ದಾಟಿದರೂ ಹಾಲುವಾಣದ ಮರಗಳ ನೆತ್ತಿಯ ಮಂಜು ಬಿಟ್ಟಿಲ್ಲ. ಅರೇಬಿಕಾ ಕುಯ್ಲಿನ ದಿನಗಳಿವು. ಆಳುಗಳು ಆಗಲೇ ತೋಟಕ್ಕೆ ಇಳಿದಿದ್ದಾರೆ. ಪಲ್ಪರ್ ಕಡೆಯಿಂದ ಹಣ್ಣಿನ ಸಿಪ್ಪೆ ಹುಳಿತ ವಾಸನೆ ಬರುತ್ತಿದೆ. ಕಣದಲ್ಲಿ ರಾತ್ರಿ ಹೊದಿಸಿದ್ದ ಟಾರ್ಪಾಲನ್ನು ಇಬ್ಬರು ಎರಡು ತುದಿ ಹಿಡಿದು ಎಳೆಯುತ್ತಿದ್ದಾರೆ. ಅದರ ಮೇಲೆ ಕೂತ ಇಬ್ಬನಿ ಹನಿಗಟ್ಟಿ ಗೆರೆಗೆರೆಯಾಗಿ ಇಳಿಯುತ್ತಿದೆ. ಮಳೆಗಾಲವಿಡೀ ಅಂಗಳದಲ್ಲಿ ಮೆರೆದ ಡೇರೆ ಗಿಡಗಳು ಒಣಗಿ, ಗಡ್ಡೆಗಳು ಮಣ್ಣಿನ ಸಮೇತ ಕೊಟ್ಟಿಗೆಯ ಮೂಲೆ ಸೇರಿವೆ. ಅಂಗಳದ ಅಂಚಿನಲ್ಲಿ ನಾಲ್ಕು ಸೇವಂತಿಗೆ, ಬೇಲಿಯ ಬಳಿ ಒಂದಿಷ್ಟು ಚೆಂಡುಹೂವು. ಹೂವಿನ ಲೆಕ್ಕದಲ್ಲಿ ಮಲೆನಾಡಿನ ಅಂಗಳ ಸ್ವಲ್ಪ ಬಡವಾಗುವ ಕಾಲ ಇದು.

ಬಣ್ಣವೆಲ್ಲ ಜಗಲಿಗೆ ಬಂದಿದೆ. ಹೆಂಚಿನ ಮಾಡಿನ ಅಂಚಿನಿಂದ ಒಂದು ಮಾರು ಒಳಗೆ, ತೊಲೆಗೆ ಬಿಗಿದ ತಂತಿಯಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದು ತೂಗುತ್ತಿದೆ. ಒಂದು ಕಾಲಕ್ಕೆ ಅದರಲ್ಲಿ ಅನ್ನ ಬೆಂದಿರಬೇಕು. ಈಗ ತಳಕ್ಕೆ ಮೊಳೆಯಿಂದ ಹೊಡೆದ ಆರೇಳು ತೂತು. ಪಾತ್ರೆ ಕಾಣುವುದೇ ಕಷ್ಟ. ಸುತ್ತ ಎಲ್ಲ ಕಡೆಯಿಂದ ಹಸಿರು ಎಳೆಗಳು ಹೊರಬಿದ್ದು, ಎರಡಡಿ ಇಳಿದು, ಪ್ರತಿ ಎಳೆಯ ತುದಿಯಲ್ಲಿ ಒಂದೋ ಎರಡೋ ರಾಣಿ ಬಣ್ಣದ ಹೂ ಬಿಟ್ಟಿವೆ. ಕೆಳಗೆ ಕೆಂಪು ಗಾರೆಯ ನೆಲ, ಅದರ ಮೇಲೆ ನಿನ್ನೆ ಉದುರಿದ ಹೂ. ಮನೆಯ ಬೆಕ್ಕು ಅದರಲ್ಲೊಂದನ್ನು ಪಂಜದಿಂದ ತಳ್ಳಿಕೊಂಡು ಹೋಗುತ್ತಿದೆ. ಹೋಗಲಿ ಬಿಡಿ, ಬೆಕ್ಕು ನಾಯಿ ಬಾಯಿ ಹಾಕಿದರೂ ವಿಷವಾಗದ ಗಿಡ ಇದು.

ಕ್ರಿಸ್‌ಮಸ್ ಕ್ಯಾಕ್ಟಸ್ ಅನ್ನುತ್ತಾರೆ. ಕ್ಯಾಕ್ಟಸ್ ಅಂದ ತಕ್ಷಣ ಮುಳ್ಳು, ಮರಳು, ಬಿಸಿಲು ನೆನಪಾಗಿ ಮೂರನ್ನೂ ಅದಕ್ಕೆ ಒದಗಿಸಲು ಹೊರಡುವವರಿದ್ದಾರೆ. ಈ ಜಗಲಿಯಲ್ಲಿ ಮೂರೂ ಇಲ್ಲ, ಗಿಡ ಮಾತ್ರ ಇಪ್ಪತ್ತು ವರ್ಷದಿಂದ ಇದೆ.

ಹತ್ತಿರ ಹೋಗಿ ಒಂದು ಎಳೆ ಅಂಗೈಯಲ್ಲಿ ಹಿಡಿದು ನೋಡಬೇಕು. ಸಂಕೋಲೆಯ ಕೊಂಡಿಗಳ ಹಾಗೆ ಒಂದಕ್ಕೊಂದು ಕೂಡಿಕೊಂಡ ಚಪ್ಪಟೆ ತುಂಡುಗಳು, ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಗೆಣ್ಣು ಅನ್ನುವುದು ಈ ತುಂಡಿಗೇ. ನಡುವೆ ಒಂದು ದಪ್ಪ ನರ. ಎಲ್ಲರೂ ಇದನ್ನು ಎಲೆ ಅಂದುಕೊಳ್ಳುತ್ತಾರೆ. ಇದು ಎಲೆಯಲ್ಲ, ಕಾಂಡ. ಈ ಗಿಡಕ್ಕೆ ಎಲೆಯೇ ಇಲ್ಲ, ಹಸಿರಿನ ಕೆಲಸವನ್ನೆಲ್ಲ ಕಾಂಡವೇ ಮಾಡುತ್ತದೆ. ಅದೂ ತನ್ನದೇ ಕ್ರಮದಲ್ಲಿ: ನೀರು ಆರಿಹೋಗದಿರಲೆಂದು ಹಗಲು ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಟ್ಟು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಂಡು ಶೇಖರಿಸುತ್ತದೆ. ಗೆಣ್ಣಿನ ಅಂಚಿನಲ್ಲಿ ಎರಡು ಮೂರು ಹಲ್ಲು. ತುದಿ ಮಾತ್ರ ಕತ್ತರಿಸಿದಂತೆ ಮೊಂಡು, ಅಲ್ಲಿ ಕಣ್ಣಿಗೆ ಸುಲಭಕ್ಕೆ ಬೀಳದ ನವಿರು ರೋಮ. ಹೊಸ ಗೆಣ್ಣು ಬರುವುದೂ ಅಲ್ಲಿಂದಲೇ, ಮೊಗ್ಗು ಬರುವುದೂ ಅಲ್ಲಿಂದಲೇ. ಮೊಳೆತದ್ದು ಚಪ್ಪಟೆಯಾಗಿ ಹಸಿರಾಗಿದ್ದರೆ ಗೆಣ್ಣು, ದುಂಡಾಗಿ ಕೆಂಪು ತುದಿ ತೋರಿಸಿದರೆ ಹೂ. ಅಕ್ಟೋಬರ್ ಕೊನೆಯಲ್ಲಿ ಈ ಗಿಡ ಸಾಕಿದವರೆಲ್ಲ ಕನ್ನಡಕ ಹಾಕಿಕೊಂಡು ಹುಡುಕುವುದು ಆ ಕೆಂಪನ್ನೇ.

ಹೂವಿನ ಕಟ್ಟೂ ವಿಚಿತ್ರ. ಒಂದು ಹೂವಿನೊಳಗಿಂದ ಇನ್ನೊಂದು ಹೂ ಹೊರಬಂದಂತೆ ಎರಡು ಅಂತಸ್ತು. ಹಿಂದಿನ ಸುತ್ತಿನ ದಳಗಳು ಹಿಂದಕ್ಕೆ ಮಡಚಿಕೊಂಡಿವೆ. ನಡುವೆ ಬಿಳಿಗೆಂಪು ಕೊಳವೆ. ಕೊಳವೆಯ ಬಾಯಲ್ಲಿ ಇನ್ನೊಂದು ಸುತ್ತು ದಳ. ಅದರಾಚೆಗೆ ಬಿಳಿಯ ಕೇಸರಗಳ ಗೊಂಚಲು, ಗೊಂಚಲನ್ನೂ ಮೀರಿ ಮುಂದೆ ಚಾಚಿದ ಕಡುಗೆಂಪು ಶಲಾಕೆ. ಮಕರಂದ ಇರುವುದು ಕೊಳವೆಯ ತಳದಲ್ಲಿ. ಜೇನುನೊಣಕ್ಕೆ ಎಟಕುವ ಆಳವಲ್ಲ ಅದು. ತವರಿನಲ್ಲಿ ಹಮ್ಮಿಂಗ್‌ಬರ್ಡಿನ ಉದ್ದ ಕೊಕ್ಕಿಗಾಗಿ ಇಟ್ಟ ಲೆಕ್ಕ. ಹಮ್ಮಿಂಗ್‌ಬರ್ಡ್ ನಮ್ಮ ದೇಶದಲ್ಲಿಲ್ಲ. ಆದರೆ ಜಗಲಿಯ ತಂತಿಯ ಮೇಲೆ ಸೂರಕ್ಕಿಯೊಂದು ಬಂದು ಕೂತಿದೆ, ಕತ್ತು ಓರೆ ಮಾಡಿ ಕೊಳವೆಯೊಳಗೆ ಕೊಕ್ಕು ಇಳಿಸುತ್ತಿದೆ. ಅದಕ್ಕೆ ಯಾರೂ ಹೇಳಿಕೊಟ್ಟದ್ದಲ್ಲ.

ರಜೆಗೆ ಬೆಂಗಳೂರಿನಿಂದ ಬಂದ, ಮನೆಯೊಡತಿಯ ಅಣ್ಣನ ಮಗಳು ಜಗಲಿಯ ಕಟ್ಟೆ ಮೇಲೆ ಕಾಫಿ ಲೋಟ ಇಟ್ಟು ಕೇಳುತ್ತಾಳೆ: "ಅತ್ತೆ, ಇದಕ್ಕೆ ಏನು ಗೊಬ್ಬರ ಹಾಕ್ತೀರಿ? ನಮ್ಮನೇಲಿ ಗಿಡ ಇಷ್ಟು ಚೆನ್ನಾಗಿದೆ, ಮೂರು ವರ್ಷ ಆಯ್ತು, ಒಂದು ಮೊಗ್ಗಿಲ್ಲ."

"ಎಂಥ ಗೊಬ್ಬರ ಮಾರಾಯ್ತಿ. ಮಳೆ ಬಿಟ್ಟ ಮೇಲೆ ನಾನು ಅದರ ಕಡೆ ತಿರುಗಿ ನೋಡೋದೂ ಇಲ್ಲ."

"ದಿನಾ ನೀರು?"

"ದಿನಾ ಯಾಕೆ ಹಾಕಬೇಕು? ಪಾತ್ರೆ ಎತ್ತಿ ನೋಡು, ಹಗುರ ಅನ್ನಿಸಿದ್ರೆ ಹಾಕು."

ಉತ್ತರ ಉಡಾಫೆಯದು ಅನ್ನಿಸಬಹುದು. ಆದರೆ ಆ ಮನೆಯ ಜಗಲಿಯಲ್ಲಿ ರಾತ್ರಿ ಏಳರ ಮೇಲೆ ದೀಪ ಉರಿಯುವುದಿಲ್ಲ, ಎಲ್ಲರೂ ಒಳಗೆ ಒಲೆಯ ಹತ್ತಿರ. ಅತ್ತೆ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಸಂಗತಿಯೇ ಗಿಡದ ಪಾಲಿಗೆ ಗೊಬ್ಬರಕ್ಕಿಂತ ದೊಡ್ಡದು. ಅದಕ್ಕೆ ಬರುವ ಮುಂಚೆ ಗಿಡದ ಊರು ನೋಡಿ ಬರೋಣ.

ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಬೆನ್ನಿಗೆ ಸಮುದ್ರಕ್ಕೆ ಸಮಾನಾಂತರವಾಗಿ ಒಂದು ಘಟ್ಟಸಾಲು ಎದ್ದಿದೆ. ಅದರಲ್ಲೊಂದು ಭಾಗಕ್ಕೆ ಸೆರ್ರಾ ದೊಸ್ ಓರ್ಗಾಂವ್ಸ್ ಎಂದು ಹೆಸರು. 1939ರಿಂದ ರಾಷ್ಟ್ರೀಯ ಉದ್ಯಾನ. ಅಟ್ಲಾಂಟಿಕ್ ಸಮುದ್ರದ ಕಡೆಯಿಂದ ಬಂದ ಮೋಡ ಈ ಬೆಟ್ಟಗಳಿಗೆ ತಗುಲಿ ಮಳೆಯಾಗುತ್ತದೆ, ಮಳೆಯಿಲ್ಲದ ದಿನ ಮಂಜಾಗುತ್ತದೆ. ಮರಗಳ ಕೊಂಬೆ ಕೊಂಬೆಗೂ ಪಾಚಿ, ಜರಿಗಿಡ, ಸೀತಾಳೆ ಜಾತಿಯ ಆರ್ಕಿಡ್. ಅವುಗಳ ನಡುವೆ, ಕೊಂಬೆ ಕವಲೊಡೆದಲ್ಲಿ ಸೇರಿದ ಒಂದು ಹಿಡಿ ತರಗೆಲೆಯಲ್ಲಿ ಬೇರೂರಿ, ತಲೆಕೆಳಗಾಗಿ ಇಳಿಬಿದ್ದು ಬದುಕುವ ಗಿಡ ಇದು. ಮರದ ಮೇಲಿದ್ದರೂ ಬಂದಣಿಕೆಯಲ್ಲ, ಮರದಿಂದ ಏನನ್ನೂ ಹೀರುವುದಿಲ್ಲ. ಕೂರಲು ಜಾಗ ಕೇಳುತ್ತದೆ, ಅಷ್ಟೆ. ಬಂಡೆಯ ಬಿರುಕಿನಲ್ಲೂ ಬೆಳೆಯುತ್ತದೆ. ನೇರ ಬಿಸಿಲು ಅದಕ್ಕೆ ಗೊತ್ತಿಲ್ಲ. ಮರಳುಗಾಡಂತೂ ಗೊತ್ತೇ ಇಲ್ಲ. ನಾವು ರಾತ್ರಿಯೆಲ್ಲ ಎದ್ದು ಕೂತು ನೋಡುವ, ಮನೆಮನೆಯ ಬ್ರಹ್ಮಕಮಲವೂ ಇದರ ಬಳಗದ್ದೇ, ಮೆಕ್ಸಿಕೊ ಕಡೆಯ ಕಾಡುಮರಗಳ ಮೇಲಿನ ಕ್ಯಾಕ್ಟಸ್. ಡ್ರ್ಯಾಗನ್ ಫ್ರೂಟ್ ಮೂರನೆಯ ನೆಂಟ.

ಆ ಬ್ರೆಜಿಲಿನ ಬೆಟ್ಟಗಳಿಗೂ ಮೂಡಿಗೆರೆಯ ಜಗಲಿಗೂ ನಡುವೆ ಕಾಫಿಯ ಕಥೆಯೊಂದಿದೆ, ಅಷ್ಟು ಹಿತವಾದ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಿಯೊ ಸುತ್ತಲಿನ ಗುಡ್ಡಗಳನ್ನು ಬೋಳಿಸಿ, ನೆರಳಿಲ್ಲದೆ, ಸಾಲು ಸಾಲು ಕಾಫಿ ನೆಟ್ಟರು. ಗುಲಾಮರ ದುಡಿಮೆ, ಕೆಲವು ದಶಕಗಳ ಫಸಲು, ಆಮೇಲೆ ಸವೆದ ಮಣ್ಣು. ಕಾಡು ಹೋದ ಮೇಲೆ ರಿಯೊ ನಗರದ ನೀರಿನ ಸೆಲೆಗಳು ಬತ್ತತೊಡಗಿದವು. ಆಗ ಎರಡನೇ ಪೆದ್ರೊ ಚಕ್ರವರ್ತಿಯ ಸರ್ಕಾರ 1861ರಲ್ಲಿ ತಿಜುಕ ಗುಡ್ಡದ ತೋಟಗಳನ್ನು ಬಿಡಿಸಿ ಮತ್ತೆ ಕಾಡು ನೆಡಿಸಲು ಹೊರಟಿತು. ನೆಟ್ಟ ಆ ಕಾಡು ಇವತ್ತಿಗೂ ನಗರದ ನಡುವೆ ಇದೆ. ಕ್ರಿಸ್‌ಮಸ್ ಕ್ಯಾಕ್ಟಸ್ಸಿನ ತವರುಕಾಡಿನ ಬಹುಪಾಲು ಮಾತ್ರ ವಾಪಸು ಬರಲಿಲ್ಲ. ನಮ್ಮ ಕಡೆ ಕಾಫಿ ಮರದ ನೆರಳಿನಲ್ಲಿ ಬೆಳೆಯಿತು. ಹಾಗಾಗಿ ಮಂಜು, ತರಗೆಲೆ, ಸೋಸಿದ ಬಿಸಿಲು ಇನ್ನೂ ಉಳಿದಿವೆ. ಬ್ರೆಜಿಲ್‌ನಲ್ಲಿ ಕಾಫಿಯಿಂದಾಗಿ ಮನೆ ಕಳೆದುಕೊಂಡ ಗಿಡ ಇಲ್ಲಿ ಕಾಫಿ ಬೆಳೆಗಾರರ ಜಗಲಿಯಲ್ಲೇ ಸುಖವಾಗಿರುವುದು ನನಗಂತೂ ಸೋಜಿಗ.

ಗಿಡ ನಮ್ಮಲ್ಲಿಗೆ ಬಂದದ್ದು ನೇರವಾಗಿ ಅಲ್ಲ, ಯುರೋಪಿನ ಗಾಜಿನ ಮನೆಗಳ ದಾರಿಯಲ್ಲಿ. 1819ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಸಸ್ಯತಜ್ಞ ಹಲ್ಲಂಚಿನ ಜಾತಿಗೆ ಟ್ರಂಕೇಟಾ ಎಂದು ಹೆಸರಿಟ್ಟ. 1837ರಲ್ಲಿ ಜಾರ್ಜ್ ಗಾರ್ಡನರ್ ಓರ್ಗಾಂವ್ಸ್ ಬೆಟ್ಟಗಳ ಇನ್ನೂ ಎತ್ತರದಲ್ಲಿ ಎರಡನೆಯ ಜಾತಿಯನ್ನು ಕಂಡ. ಅದು ರಸೆಲಿಯಾನಾ ಆಯಿತು. ಲಂಡನ್ ಹತ್ತಿರದ ಟೂಟಿಂಗ್‌ನಲ್ಲಿದ್ದ ರಾಲಿಸನ್ ನರ್ಸರಿಯಲ್ಲಿ ಬಕ್ಲಿ ಎಂಬಾತ ಎರಡನ್ನೂ ಕೂಡಿಸಿ ಮಿಶ್ರತಳಿ ಮಾಡಿದ. 1852ರ ಹೊತ್ತಿಗೆ ಅದಕ್ಕೆ ಬಕ್ಲಿಯಿ ಎಂಬ ಹೆಸರು ದಾಖಲಾಯಿತು. ಅಸಲಿ ಕ್ರಿಸ್‌ಮಸ್ ಕ್ಯಾಕ್ಟಸ್ ಅಂದರೆ ಅದು. ಕುಲಕ್ಕೆ ಶ್ಲುಂಬರ್ಗೆರಾ ಎಂಬ ಹೆಸರು ಬಂದದ್ದು 1858ರಲ್ಲಿ, ಶ್ಲುಂಬರ್ಗೆ ಎಂಬ ಫ್ರೆಂಚ್ ಕ್ಯಾಕ್ಟಸ್ ಸಂಗ್ರಾಹಕನಿಂದಾಗಿ. ವಿಕ್ಟೋರಿಯಾ ಕಾಲದ ತೋಟಗಾರರು ಇದನ್ನು ಪೆರೆಸ್ಕಿಯಾ ಎಂಬ ಇನ್ನೊಂದು ಕ್ಯಾಕ್ಟಸ್ಸಿನ ಎತ್ತರದ ಕಾಂಡದ ಮೇಲೆ ಕಸಿ ಕಟ್ಟಿ, ಕೊಡೆಯಾಕಾರದ ಗಿಡ ಮಾಡಿ ಹಜಾರದಲ್ಲಿಟ್ಟು ಬೀಗುತ್ತಿದ್ದರಂತೆ. ಈಗ ಯಾರಿಗೂ ಅಷ್ಟು ಪುರುಸೊತ್ತಿಲ್ಲ.

ಕ್ರಿಸ್‌ಮಸ್ ಎಂಬುದು ಉತ್ತರಾರ್ಧಗೋಳದ ಕ್ಯಾಲೆಂಡರಿನ ಮಾತು. ಬ್ರೆಜಿಲ್‌ನಲ್ಲಿ ಇದು ಮೇ ತಿಂಗಳ ಹೂ, ಜನ ಕರೆಯುವುದೂ ಹಾಗೆಯೇ. ಅಲ್ಲಿ ಹಗಲು ಕುಗ್ಗಿ ಚಳಿ ಇಳಿಯುವುದು ಆಗ. ಗಿಡಕ್ಕೆ ಏಸುವಿನ ಹುಟ್ಟುಹಬ್ಬ ಗೊತ್ತಿಲ್ಲ, ರಾತ್ರಿ ಉದ್ದವಾದದ್ದು ಗೊತ್ತು.

ಈಗ ಆ ಅಣ್ಣನ ಮಗಳ ಮನೆಗೆ ಹೋಗೋಣ. ಬೆಂಗಳೂರು, ನಾಲ್ಕನೇ ಮಹಡಿ, ಅಕ್ಟೋಬರ್ ರಾತ್ರಿ ಹತ್ತೂವರೆ. ಬಾಲ್ಕನಿಯ ಗ್ರಿಲ್ಲಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ದಷ್ಟಪುಷ್ಟವಾಗಿದೆ, ಹಸಿರು ಹೊಳೆಯುತ್ತಿದೆ. ಹೊಳೆಯುವುದು ಯಾಕೆಂದರೆ ಎದುರಿನ ಬೀದಿದೀಪ ಸರಿಯಾಗಿ ಅದರ ಮಟ್ಟಕ್ಕಿದೆ. ಹಿಂದಿನ ಹಾಲ್‌ನಲ್ಲಿ ಟೀವಿ. ಅದು ಆರಿದ ಮೇಲೆ ಯಾರೋ ಚಾರ್ಜರ್ ಹುಡುಕಲು ಬಂದು ಟ್ಯೂಬ್‌ಲೈಟ್ ಹಾಕುತ್ತಾರೆ. ಹನ್ನೆರಡಕ್ಕೆ ಮಗ ಫೋನಿನಲ್ಲಿ ಮಾತಾಡಲು ಬಾಲ್ಕನಿಗೆ ಬಂದು ದೀಪ ಒತ್ತುತ್ತಾನೆ. ಆ ಗಿಡದ ಪಾಲಿಗೆ ರಾತ್ರಿ ಅನ್ನುವುದು ಆಗಿಯೇ ಇಲ್ಲ.

ಇದರ ಹಿಂದಿನ ತತ್ವವನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು 1920ರಲ್ಲಿ ಪ್ರಕಟಿಸಿದರು. ಅವರು ಹೊರಟದ್ದು, ಬೇಸಿಗೆಯಲ್ಲಿ ಹೂ ಬಿಡದೆ ಸುಮ್ಮನೆ ಎತ್ತರ ಬೆಳೆಯುವ ಒಂದು ತಂಬಾಕಿನ ತಳಿಯ ತಂಟೆ ಬಿಡಿಸಲು. ಕೆಲವು ಗಿಡಗಳು ಹಗಲು ಕುಗ್ಗಿದಾಗ ಮಾತ್ರ ಹೂವಿಗೆ ತಿರುಗುತ್ತವೆ ಎಂಬುದು ಅದರಿಂದ ತಿಳಿಯಿತು. ಮುಂದೆ ಗೊತ್ತಾದದ್ದು ಇನ್ನೂ ಸ್ವಾರಸ್ಯದ್ದು: ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಮುರಿಯದ ಕತ್ತಲನ್ನು. ಒಳಗೆ ಫೈಟೋಕ್ರೋಮ್ ಎಂಬ ಒಂದು ಬಣ್ಣದ ವಸ್ತುವಿದೆ. ಬೆಳಕು ತಾಗಿದರೆ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಳೆಯ ರೂಪಕ್ಕೆ ಮರಳುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿದರೂ ಸಾಕು, ಲೆಕ್ಕ ಮತ್ತೆ ಮೊದಲಿಂದ ಶುರು.

ನಂಬಿಕೆ ಬಾರದಿದ್ದರೆ ರಾತ್ರಿ ಕಾರು ಹತ್ತಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋಗಿ. ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಬಹುದು. ಜಾತ್ರೆಯೋ ಮದುವೆಯೋ ಅಲ್ಲ. ಸೇವಂತಿಗೆಯೂ ಇದೇ ಸ್ವಭಾವದ್ದು. ರಾತ್ರಿ ಮುರಿದರೆ ಹೂವಿಗೆ ಬರದೆ ಗಿಡ ಬೆಳೆಯುತ್ತ ಹೋಗುತ್ತದೆ. ಬೆಲೆ ಸಿಗುವ ಹಬ್ಬದ ಹೊತ್ತಿಗೆ ಹೂ ಕೈಗೆ ಬರುವ ಹಾಗೆ ಲೆಕ್ಕ ಹಾಕಿ, ರೈತ ಒಂದು ದಿನ ದೀಪ ಆರಿಸುತ್ತಾನೆ. ಅವನು ದುಡ್ಡು ಕೊಟ್ಟು ಬಳಸುವ ವಿದ್ಯೆಯನ್ನೇ ನಾವು ಬಾಲ್ಕನಿಯಲ್ಲಿ ಗೊತ್ತಿಲ್ಲದೆ, ತಪ್ಪು ಗಿಡದ ಮೇಲೆ ಪ್ರಯೋಗಿಸುತ್ತಿದ್ದೇವೆ.

ನಮ್ಮ ಅಕ್ಷಾಂಶದ ಕಷ್ಟ ಬೇರೆ ಇದೆ. ಲಂಡನ್ನಿನಲ್ಲಿ ಡಿಸೆಂಬರ್ ಹಗಲು 8 ಗಂಟೆಗೂ ಕಡಿಮೆ. ಅಲ್ಲಿ ಗಿಡಕ್ಕೆ ಸೂಚನೆ ಜೋರಾಗಿಯೇ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 55 ನಿಮಿಷ, ಡಿಸೆಂಬರ್ 21ರದು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದ ವ್ಯತ್ಯಾಸವೇ ಒಂದೂವರೆ ಗಂಟೆ. ಅಂದರೆ ಪ್ರಕೃತಿ ಕೊಡುವ ಹೆಚ್ಚುವರಿ ಕತ್ತಲೆ ಸಣ್ಣದು. ಅದರಲ್ಲಿ ಒಂದು ಗಂಟೆ ನಾವು ದೀಪ ಹಾಕಿ ಕಿತ್ತುಕೊಂಡರೆ ಉಳಿಯುವುದೇನು?

ಚಳಿಯೂ ಇದರಲ್ಲಿ ಪಾಲುದಾರ. ರಾತ್ರಿ 15ರಿಂದ 20 ಡಿಗ್ರಿಯ ಒಳಗಿದ್ದರೆ ಮೊಗ್ಗು ಸರಾಗ. 10–13 ಡಿಗ್ರಿಯ ಹತ್ತಿರಕ್ಕೆ ಇಳಿದರಂತೂ ಕತ್ತಲೆಯ ಕೊರತೆಯನ್ನೂ ಗಿಡ ಮನ್ನಿಸುತ್ತದೆ. ರಾತ್ರಿಯೂ 24 ದಾಟುವ ಊರುಗಳಲ್ಲಿ ಎಷ್ಟು ಕತ್ತಲೆ ಕೊಟ್ಟರೂ ಮುನಿಸು. ಮಂಗಳೂರು, ಕಾರವಾರದವರು ಬೇಜಾರು ಮಾಡಿಕೊಳ್ಳಬಾರದು: ಕರಾವಳಿಯ ಸೆಕೆಗೆ ಈ ಗಿಡ ಹೇಳಿ ಮಾಡಿಸಿದ್ದಲ್ಲ. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ ಇದಕ್ಕೆ ಮಾವನ ಮನೆ. ಬೆಂಗಳೂರು, ಮೈಸೂರುಗಳಲ್ಲಿ ಅಕ್ಟೋಬರಿನಿಂದ ರಾತ್ರಿ ತಂಪು ಸಾಕಷ್ಟಿರುತ್ತದೆ. ಅಲ್ಲಿ ಹೂ ಬಾರದಿದ್ದರೆ ತೊಂದರೆ ಹವೆಯದಲ್ಲ, ಸ್ವಿಚ್ಚಿನದು.

ಸೆಪ್ಟೆಂಬರ್ ಕೊನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಸಂಜೆ ಆರಕ್ಕೆ ಗಿಡವನ್ನು ಯಾರೂ ಮಲಗದ ಕೋಣೆಗೋ, ದೀಪ ಬೀಳದ ಹಿತ್ತಲ ಮೂಲೆಗೋ ಸಾಗಿಸಿ, ಬೆಳಗ್ಗೆ ಎಂಟಕ್ಕೆ ಬೆಳಕಿಗೆ ತರುವುದು. ಸಾಗಿಸಲು ಆಗದವರು ರಟ್ಟಿನ ಪೆಟ್ಟಿಗೆ ಕವುಚಿ ಹಾಕಬಹುದು. ಸುಮಾರು ಆರು ವಾರ. ಅದೇ ಹೊತ್ತಿಗೆ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಬೇಕು. ಎಳೆಗಳ ತುದಿಯಲ್ಲಿ ಇನ್ನೂ ಬಲಿಯದ ಪುಟ್ಟ ಗೆಣ್ಣುಗಳಿದ್ದರೆ ಚಿವುಟಿ ತೆಗೆದುಬಿಡಿ. ಬಲಿತ ಗೆಣ್ಣಿನ ತುದಿಯಲ್ಲೇ ಮೊಗ್ಗು ನಿಲ್ಲುವುದು. ದೊಡ್ಡ ಪ್ರಮಾಣದಲ್ಲಿ ಬೆಳೆದು ಮಾರುವವರು ಗಿಡವೆಲ್ಲ ಒಟ್ಟಿಗೆ ಹೂ ಬಿಡಲೆಂದು ಮಾಡುವುದೂ ಇದನ್ನೇ.

ಮೊಗ್ಗು ಕಂಡ ಮೇಲೆ ಕತ್ತಲೆಯ ವ್ರತ ಮುಗಿಯಿತು, ಇನ್ನು ಗಿಡವನ್ನು ಇದ್ದಲ್ಲೇ ಬಿಡಬೇಕು. ಇಲ್ಲಿ ಎಡವುವವರು ಹೆಚ್ಚು. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ನವೆಂಬರಿನಲ್ಲಿ ಹೋದರೆ, ಅಂಗೈಯಗಲದ ಕುಂಡದಲ್ಲಿ ಮೈತುಂಬ ಮೊಗ್ಗು ಹೊತ್ತ ಗಿಡ ಕಣ್ಣು ಸೆಳೆಯುತ್ತದೆ. ಮನೆಗೆ ತಂದ ಮೇಲೆ ಒಂದು ದಿನ ಟೀಪಾಯಿ ಮೇಲೆ, ಇನ್ನೊಂದು ದಿನ ಬಾಲ್ಕನಿಯಲ್ಲಿ, ನೆಂಟರು ಬಂದರೆಂದು ಮತ್ತೆ ಒಳಗೆ. ವಾರ ಕಳೆಯುವಷ್ಟರಲ್ಲಿ ಮೊಗ್ಗೆಲ್ಲ ನೆಲದ ಮೇಲೆ. ನರ್ಸರಿಯವನು ಮೋಸ ಮಾಡಿದ ಅಂತ ಬೈಯುತ್ತೇವೆ, ಪಾಪ. ಬೆಳಕು, ಗಾಳಿ, ಬಿಸಿ ಏಕಾಏಕಿ ಬದಲಾದರೆ ಮೊಗ್ಗು ಚೆಲ್ಲುವುದು ಈ ಗಿಡದ ಗುಣ. ಮಣ್ಣು ಪೂರಾ ಒಣಗಿದರೂ ಚೆಲ್ಲುತ್ತದೆ, ಕೆಸರಾದರೂ ಚೆಲ್ಲುತ್ತದೆ. ಇನ್ನೊಂದು ಗುಪ್ತ ಶತ್ರು ಬಾಳೆಹಣ್ಣು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಇದರ ಮೊಗ್ಗು ತೀರಾ ಸೂಕ್ಷ್ಮ. ಊಟದ ಮೇಜಿನ ಹಣ್ಣಿನ ಬುಟ್ಟಿಯ ಪಕ್ಕ ಅಲಂಕಾರಕ್ಕೆಂದು ಇಡುವ ಯೋಚನೆ ಬಿಟ್ಟುಬಿಡಿ.

ಅಂಗಡಿಯಲ್ಲಿ ಕ್ರಿಸ್‌ಮಸ್ ಕ್ಯಾಕ್ಟಸ್ ಅಂತ ಕೊಡುವುದರಲ್ಲಿ ಹೆಚ್ಚಿನದು ಟ್ರಂಕೇಟಾ ತಳಿ. ಗೆಣ್ಣಿನ ಅಂಚು ಸವರಿ ನೋಡಿದರೆ ತಿಳಿಯುತ್ತದೆ: ಚೂಪು ಹಲ್ಲಿದ್ದು, ಹೂ ಅಡ್ಡಕ್ಕೆ ಚಾಚಿ, ಪರಾಗ ಹಳದಿಯಾಗಿದ್ದರೆ ಅದು ಟ್ರಂಕೇಟಾ, ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಲೆಕ್ಕಕ್ಕೆ ಸೇರಿಸಿಕೊಂಡದ್ದು ಇದನ್ನೇ. ಅಂಚು ಅಲೆಯಲೆಯಾಗಿ ಮೊಂಡಾಗಿದ್ದು, ಹೂ ನೇರ ಕೆಳಕ್ಕೆ ತೂಗಿ, ಪರಾಗ ಗುಲಾಬಿಯಾಗಿದ್ದರೆ ಬಕ್ಲಿಯಿ. ಹಳೆಯ ಮನೆಗಳಲ್ಲಿ ಕೈಯಿಂದ ಕೈಗೆ ಬಂದ ಗಿಡಗಳ ಪೈಕಿ ಬಕ್ಲಿಯಿ ಸಿಕ್ಕರೆ ಬಿಡಬೇಡಿ. ಅಂಗಡಿಯಲ್ಲಿ ಕಾಣುವ ಬಿಳಿ, ಕಿತ್ತಳೆ, ಸಾಲ್ಮನ್ ಬಣ್ಣಗಳು ಬಹುಪಾಲು ಆಮೇಲಿನ ತಳಿ ಸುಧಾರಣೆಯ ಫಲ. ಹಳದಿ ಬಂದದ್ದು ತೀರಾ ಈಚೆಗೆ, 1980ರ ದಶಕದ ಹೊತ್ತಿಗೆ. ಆ ಬಿಳಿ, ಹಳದಿಗಳು ಚಳಿ ಹೆಚ್ಚಾದರೆ ಅಂಚಿಗೆ ಗುಲಾಬಿ ತಿರುಗುತ್ತವೆ. ಅದು ರೋಗವಲ್ಲ.

ಮಣ್ಣಿನ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇರಲಿ: ಕೆಮ್ಮಣ್ಣು ತುಂಬಿದ ಕುಂಡ ಈ ಗಿಡಕ್ಕೆ ಸಮಾಧಿ. ಮರದ ಕವಲಿನಲ್ಲಿ ತರಗೆಲೆ ತಿಂದು ಬದುಕಿದ್ದಕ್ಕೆ ಹಗುರ, ಗಾಳಿಯಾಡುವ, ನೀರು ನಿಲ್ಲದ ನೆಲೆ ಬೇಕು. ಕೊಳೆತ ಎಲೆಗೊಬ್ಬರ ಅಥವಾ ಕೋಕೋಪೀಟ್ ಅರ್ಧ, ಉಳಿದರ್ಧದಲ್ಲಿ ದಪ್ಪ ಮರಳು, ಇದ್ದಿಲ ಚೂರು, ಒಡೆದ ಇಟ್ಟಿಗೆ, ಒಂದು ಹಿಡಿ ಎರೆಗೊಬ್ಬರ. ಕುಂಡ ಚಿಕ್ಕದೇ ಇರಲಿ. ಬೇರು ಇಕ್ಕಟ್ಟಾದಷ್ಟೂ ಹೂವಿಗೆ ಒಳ್ಳೆಯದು. ಎರಡು ಮೂರು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಕುಂಡ ಬದಲಿಸಿದರೆ ಸಾಕು. ಮಾರ್ಚಿನಿಂದ ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಮ್ಮೆ, ತೋಟಕ್ಕೆಂದು ತಂದ 19:19:19 ಗೊಬ್ಬರದ ಒಂದು ಚಿಟಿಕೆ ಒಂದು ಲೀಟರ್ ನೀರಿಗೆ ಕದಡಿ ಹಾಕಬಹುದು. ಹಾಕದಿದ್ದರೂ ಅತ್ತೆಯ ಗಿಡ ಬದುಕಿದೆ.

ಮಲೆನಾಡಿನ ನಿಜವಾದ ಪರೀಕ್ಷೆ ಮಳೆಗಾಲ. ಜೂನ್, ಜುಲೈನಲ್ಲಿ ಮಾಡಿನ ನೀರು ಹಗಲು ರಾತ್ರಿ ಧೋ ಎಂದು ಸುರಿಯುವಾಗ ಜಗಲಿಯ ಅಂಚಿನಲ್ಲಿದ್ದ ಕುಂಡ ವಾರದಲ್ಲಿ ಕೊಳೆಯುತ್ತದೆ. ಬುಡದ ಗೆಣ್ಣು ಕಂದಾಗಿ ಮೆತ್ತಗಾದರೆ ಬೇರಿಗೆ ಶಿಲೀಂಧ್ರ ಹಿಡಿದಿದೆ ಎಂದೇ ಅರ್ಥ. ಆಗ ಔಷಧಿ ಹುಡುಕುತ್ತ ಕೂರಬಾರದು, ಮೇಲಿನ ಗಟ್ಟಿ ಗೆಣ್ಣುಗಳನ್ನು ಮುರಿದು ಬೇರೆ ನೆಡಬೇಕು. ಅತ್ತೆಯ ಮನೆಯಲ್ಲಿ ಮೇ ಕೊನೆಗೆ ಪಾತ್ರೆ ಒಂದು ತೊಲೆ ಒಳಕ್ಕೆ ಸರಿಯುತ್ತದೆ. ಎರಚಲು ತಾಗುವುದಿಲ್ಲ, ಗಾಳಿಯ ತೇವವೇ ಸಾಕಾಗುವುದರಿಂದ ಆ ದಿನಗಳಲ್ಲಿ ನೀರು ಹಾಕುವುದು ಅಪರೂಪ. ರಾತ್ರಿ ಬಸವನಹುಳು ಹತ್ತಿ ಎಳೆಯ ಗೆಣ್ಣು ಮೇಯದಂತೆ ತೂಗುಹಾಕಿದ್ದೇ ರಕ್ಷೆ. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸ್ವಲ್ಪವಿದ್ದಾಗ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ, ಹೆಚ್ಚಿದ್ದರೆ ಬೇವಿನೆಣ್ಣೆಗೆ ಸೋಪು ಕದಡಿ ಸಿಂಪಡಿಸಬೇಕು.

ಗಿಡ ಬಾಡಿ ಸುಕ್ಕಾಗುವುದು ಮಾತ್ರ ಎರಡರ್ಥದ ಮಾತು. ನೀರು ಸಾಲದಿದ್ದರೂ ಹಾಗೇ, ಹೆಚ್ಚಾಗಿ ಬೇರು ಸತ್ತರೂ ಹಾಗೇ. ಮಣ್ಣಿಗೆ ಬೆರಳು ಹಾಕಿ ನೋಡದೆ ತಂಬಿಗೆ ಎತ್ತಬಾರದು. ಗೆಣ್ಣು ಕೆಂಪಗಾದರೆ ಬಿಸಿಲು ಜಾಸ್ತಿಯಾಗಿದೆ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಸಾಕು. ಪಡುವಣ ಗೋಡೆಯ ಮೂರು ಗಂಟೆಯ ಬಿಸಿಲು ಬೇಡ.

ಇನ್ನು ಸಸಿ ಮಾಡುವುದು. ಇದಕ್ಕಿಂತ ಸುಲಭದ ಗಿಡ ಕಡಿಮೆ. ಎರಡು ಮೂರು ಗೆಣ್ಣಿನ ತುಂಡನ್ನು ಸಂದಿಯಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಕಳಚಿ ಬರುತ್ತದೆ, ಚಾಕು ಬೇಕಿಲ್ಲ. ಗಾಯ ಒಣಗಲು ಒಂದೆರಡು ದಿನ ನೆರಳಲ್ಲಿಟ್ಟು, ಆಮೇಲೆ ಕೆಳಗಿನ ಗೆಣ್ಣಿನ ಅರ್ಧ ಮಾತ್ರ ಮುಳುಗುವಂತೆ ಊರಬೇಕು. ಮೂರು ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ಒಂದೇ ಕುಂಡಕ್ಕೆ ಐದಾರು ತುಂಡು ಊರಿದರೆ ಬೇಗ ತುಂಬಿಕೊಳ್ಳುತ್ತದೆ. ಹೀಗೆ ತುಂಡಿನಿಂದ ತುಂಡಿಗೆ ದಾಟುತ್ತ ಅಜ್ಜಿಯ ಗಿಡ ಮೊಮ್ಮಗಳವರೆಗೆ ಬಂದ ಮನೆಗಳು ಲೋಕದಲ್ಲೆಲ್ಲ ಇವೆ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಮಲೆನಾಡಿನ ಹೆಂಗಸರಲ್ಲಿ ಗಟ್ಟಿಯಾಗಿದೆ. ಮದುವೆಮನೆಯಿಂದ ಹೊರಡುವಾಗ ಸೆರಗಿನ ಮರೆಯಲ್ಲಿ ಎರಡು ಗೆಣ್ಣು ಹೋದರೆ ಯಾರೂ ದೂರುವುದಿಲ್ಲ. ಕಳ್ಳತನಕ್ಕೆ ಇಷ್ಟು ಅನುಕೂಲವಾಗಿ ಮೈ ಕಟ್ಟಿಕೊಂಡ ಗಿಡ ಇನ್ನೊಂದು ಇರಲಾರದು.

ಮನೆಯಲ್ಲಿ ಗಿಡ ಇರುವವರು ಸೆಪ್ಟೆಂಬರ್ ಕೊನೆಯಿಂದ ಸಿಟೌಟ್ ದೀಪವನ್ನು ಸಂಜೆಯೇ ಆರಿಸಿಡಿ, ಆಗದಿದ್ದರೆ ಗಿಡಕ್ಕೊಂದು ಪೆಟ್ಟಿಗೆ ಕವುಚಿ. ಇಲ್ಲದವರು ನರ್ಸರಿಗೆ ಹೋಗುವ ಮುಂಚೆ ಪರಿಚಯದವರ ಜಗಲಿ, ಬಾಲ್ಕನಿಗಳತ್ತ ಒಮ್ಮೆ ಕಣ್ಣು ಹಾಯಿಸಿ. ಮೂರು ಗೆಣ್ಣು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಹೂ ಬಿಟ್ಟಿರುವಾಗ ಮಾತ್ರ ಕೇಳಬೇಡಿ, ಫೆಬ್ರವರಿಯಲ್ಲಿ ಕೇಳಿ.